ಸಿಲಿಕೋನ್ ಹೊಡೆಸಿದ ಮೇಲೂ ಗೋಡೆ ಹಪ್ಪಳ ಏಳುತ್ತಿದೆ, ಇನ್ನೊಂದು ಕೋಟ್ ಹೊಡೆಸಲಾ?

ಎರೆಹೊಲ · ಸಿಂಧನೂರು · ಫೆಬ್ರವರಿ 9

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಊರಿನ ಹೊರಗಡೆ, ಗದ್ದೆ ಇದ್ದ ಜಾಗದ ಲೇಔಟಿನಲ್ಲಿದೆ. ಕಟ್ಟಿಸಿ 14 ವರ್ಷ ಆಯಿತು. ಹಿಂದುಗಡೆ ಈಗಲೂ ಭತ್ತ ಹಾಕುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ನಮ್ಮ ಬೋರಿನಲ್ಲೂ ನೀರು ಮೇಲೆ ಬರುತ್ತದೆ, ಅಷ್ಟು ಹತ್ತಿರ.

ಪಶ್ಚಿಮದ ಗೋಡೆಗೆ ಗಿಲಾವ್ ಮಾಡಿಸಲಿಲ್ಲ. 9 ಇಂಚಿನ ಸುಟ್ಟ ಇಟ್ಟಿಗೆ, ಹಾಗೇ ಚಂದ ಕಾಣುತ್ತದೆ ಅಂತ ಬಿಟ್ಟೆವು. ಮಳೆಗಾಳಿ ಬಡಿಯುವುದೂ ಅದೇ ಗೋಡೆಗೆ. ಒಳಗೆ ತೇವ ಬರಲು ಶುರುವಾಯಿತು. ಹೋದ ವರ್ಷ ಒಬ್ಬರು ಬಂದು, ಸಿಲಿಕೋನ್ ಹೊಡೆದರೆ ಹತ್ತು ವರ್ಷ ಗೋಡೆ ಒಂದು ಹನಿ ಕುಡಿಯುವುದಿಲ್ಲ ಅಂದರು. ಚದರಡಿ ಲೆಕ್ಕದಲ್ಲಿ ಮಾತಾಯಿತು. ಮುಗಿದ ಮೇಲೆ ಪೈಪು ಹಿಡಿದು ತೋರಿಸಿದರು. ನೀರು ಮುತ್ತಿನ ಹಾಗೆ ಉರುಳಿತು. ಖುಷಿಯಿಂದ ದುಡ್ಡು ಕೊಟ್ಟೆ.

ಈಗ ನೋಡಿದರೆ ಗೋಡೆಯ ಮೇಲಿನ ಭಾಗ ಚೆನ್ನಾಗೇ ಇದೆ. ಕೆಳಗಡೆ, ನೆಲದಿಂದ ಸುಮಾರು ಎರಡೂವರೆ ಅಡಿ, ಇಟ್ಟಿಗೆಯ ಮುಖವೇ ಹಪ್ಪಳದ ಹಾಗೆ ಎದ್ದು ಬೀಳುತ್ತಿದೆ. ಕೈಯಲ್ಲಿ ಉಜ್ಜಿದರೆ ಕೆಂಪು ಪುಡಿ, ಅದರ ಹಿಂದೆ ಬಿಳಿ ಪುಡಿ. ಸಿಲಿಕೋನ್ ಹೊಡೆಸುವ ಮುಂಚೆ ಇಷ್ಟು ಉದುರುತ್ತಿರಲಿಲ್ಲ. ಹೊಡೆದವರು ಫೋನ್ ಎತ್ತುತ್ತಿಲ್ಲ. ಮಾಲು ನಕಲಿಯಾ? ಇನ್ನೊಂದು ಕೋಟ್ ಹೊಡೆಸಿದರೆ ನಿಲ್ಲುತ್ತದಾ?

ಬಿಸಿಲೂರು · ರಾಯಚೂರು

ಅಣ್ಣಾ, ಅವತ್ತು ಮುತ್ತಿನ ಹಾಗೆ ಉರುಳಿದ್ದು ನಿಮ್ಮ ದುಡ್ಡು. ತಪ್ಪು ತಿಳಿಯಬೇಡಿ, ನಮ್ಮ ಮನೆಯದೂ ಇದೇ ಕಥೆ. ಉತ್ತರ ಬರಲಿ ಅಂತ ಕುರ್ಚಿ ಹಾಕಿಕೊಂಡು ಕೂತಿದ್ದೇನೆ.

ಕೆಂಪುಧೂಳು · ಬಳ್ಳಾರಿ

ನನ್ನದು ಬಣ್ಣದ ಅಂಗಡಿ, ಈ ಮಾಲು ನಾನೂ ಮಾರುತ್ತೇನೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಡಬ್ಬಿಯ ಮೇಲೆ ಸಿಲಿಕೋನ್ ಅಂತ ಬರೆದಿದ್ದರೂ ಒಳಗಿರುವುದು ಬೇರೆ ಬೇರೆ ಸಾಮಾನು. ಅಗ್ಗದ್ದು ಸಿಲಿಕೋನೇಟ್. ಅದಕ್ಕೆ ನೀರು ಬೆರೆಸಿ ಹೊಡೆಯುತ್ತಾರೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಅದು ಗಟ್ಟಿಯಾಗುತ್ತದೆ. ನೀರು ಕಡಿಮೆ ಬೆರೆಸಿ ಗಟ್ಟಿ ಹೊಡೆದರೆ ಮೇಲೆ ಬಿಳಿ ಬೂದಿ ಕೂರುತ್ತದೆ, ಅದು ಪೊಟ್ಯಾಸಿಯಂ ಕಾರ್ಬೊನೇಟ್. ದುಬಾರಿಯದ್ದು ಸಿಲೇನ್, ಸಿಲಾಕ್ಸೇನ್, ಇಲ್ಲವೇ ಎರಡೂ ಸೇರಿದ್ದು. ಅದರಲ್ಲಿ ಟರ್ಪೆಂಟೈನ್ ಥರದ ಎಣ್ಣೆಯಲ್ಲಿ ಕರಗಿಸಿದ್ದು ಒಂದು, ಹಾಲಿನ ಹಾಗಿರುವ ನೀರಿನದ್ದು ಇನ್ನೊಂದು. ಗನ್ನಿನಲ್ಲಿ ಕಿಟಕಿ ಸಂದಿಗೆ ತುಂಬುವ ಸಿಲಿಕೋನ್ ಇದೆಯಲ್ಲ, ಅದು ಇನ್ನೂ ಬೇರೆ. ಗಿರಾಕಿಗಳು ಅದನ್ನೇ ಗೋಡೆಗೆ ಕೇಳಿಕೊಂಡು ಬರುತ್ತಾರೆ.

ನಿಮಗೆ ಅಗ್ಗದ್ದನ್ನು ಗಟ್ಟಿಯಾಗಿ ಹೊಡೆದಿರಬೇಕು. ವೈರ್ ಬ್ರಷ್ ಹಾಕಿ ಉಜ್ಜಿಸಿ, ಕೆಳಗಿನ ಮೂರು ಅಡಿಗೆ ವಾಟರ್‌ಪ್ರೂಫ್ ಪುಡಿ ಹಾಕಿದ ಸಿಮೆಂಟ್ ಗಿಲಾವ್ ಮಾಡಿಸಿ. ಮೇಲೆ ಒಳ್ಳೆಯ ಮಾಲು ಒಂದು ಕೋಟ್.

ಗೌಂಡಿಮಗಳು · ಕೊಪ್ಪಳ

ಎರೆಹೊಲ ಅಣ್ಣಾವ್ರೇ, ದಯವಿಟ್ಟು ಇದನ್ನು ಮಾಡಿಸಬೇಡಿ. ಕೆಂಪುಧೂಳು ಅಣ್ಣನ ಅರ್ಧ ಮಾತು ಸರಿ. ಸಿಮೆಂಟ್ ಗಿಲಾವ್ ಮಾತ್ರ ಬೇಡ.

ನಮ್ಮಪ್ಪ ಗೌಂಡಿ, ನಾನು ಡಿಪ್ಲೊಮಾ ಮಾಡಿ ಸೈಟಿನಲ್ಲಿದ್ದೇನೆ. ಈ ಸಿಲಿಕೋನ್ ಅಂದರೇನು ಅಂತ ಅಪ್ಪನಿಗೆ ತಿಳಿಸಲು ನಾನು ಕಂಬಳಿಯ ಕಥೆ ಹೇಳಿದ್ದೆ. ಕುರಿ ಕಾಯುವವರು ಮಳೆ ಬಂದರೆ ಕಂಬಳಿ ಕೊಪ್ಪೆ ಹಾಕಿಕೊಳ್ಳುತ್ತಾರೆ. ಹನಿ ಮೇಲೇ ಜಾರಿ ಹೋಗುತ್ತದೆ, ಮೈ ಬೆವರು ಮಾತ್ರ ಹೊರಗೆ ಹೋಗುತ್ತಿರುತ್ತದೆ. ತಾಡಪಾಲು ಹೊದ್ದರೆ ಮಳೆಯೂ ಒಳಗೆ ಬರಲ್ಲ, ಬೆವರೂ ಹೊರಗೆ ಹೋಗಲ್ಲ. ಸಿಲಿಕೋನ್ ಕಂಬಳಿ ಜಾತಿ. ಆದರೆ ಅದೇ ಕಂಬಳಿ ಹೊದ್ದು ಹೊಂಡದಲ್ಲಿ ಕೂತರೆ? ಕೆಳಗಿನಿಂದ ನೆನೆಯುತ್ತದೆ.

ನಿಮ್ಮ ಮನೆ ಹೊಂಡದಲ್ಲಿ ಕೂತಿದೆ ಅಂತ ನನ್ನ ಅನುಮಾನ. ಮೂರು ಪ್ರಶ್ನೆಗೆ ಉತ್ತರ ಕೊಡಿ. ಮಳೆಯೇ ಬೀಳದ ಒಳಗೋಡೆ, ಅಂದರೆ ಎರಡು ರೂಮಿನ ನಡುವಿನ ಗೋಡೆಯ ಬುಡ ಹೇಗಿದೆ? ಮನೆ ಕಟ್ಟಿಸಿದ ಮೇಲೆ ಅಂಗಳ ಎತ್ತರಿಸಿದ್ದೀರಾ? ಬೇಸಿಗೆಯಲ್ಲಿ ಕಾಲುವೆ ಬಂದ್ ಆದಾಗ ತೇವ ಕಡಿಮೆಯಾಗುತ್ತದಾ?

ಕೆಂಪುಧೂಳು · ಬಳ್ಳಾರಿ

ತಂಗೀ, ನಾನು 20 ವರ್ಷದಿಂದ ಗಿರಾಕಿಗಳಿಗೆ ಇದನ್ನೇ ಹೇಳುತ್ತಿದ್ದೇನೆ. ಯಾರೂ ವಾಪಸ್ ಬಂದು ಬೈದಿಲ್ಲ.

ಗೌಂಡಿಮಗಳು · ಕೊಪ್ಪಳ

ಅಣ್ಣಾ, ಎರಡು ವರ್ಷ ಗಿಲಾವ್ ತೇವವನ್ನು ಮುಚ್ಚಿಡುತ್ತದೆ. ಆಮೇಲೆ ಮೂರು ಅಡಿಯಲ್ಲಿದ್ದ ತೇವ ನಾಲ್ಕೂವರೆ ಅಡಿಗೆ ಏರುತ್ತದೆ. ಆಗ ಅವರು ನಿಮ್ಮ ಅಂಗಡಿಗೆ ಬರುವುದಿಲ್ಲ, ಬೇರೆ ಅಂಗಡಿಗೆ ಹೋಗುತ್ತಾರೆ.

ಬಿಸಿಲೂರು · ರಾಯಚೂರು

ನಾನು ಹಾಗೇ ಬೇರೆ ಅಂಗಡಿಗೆ ಹೋದವನು.

ಎರೆಹೊಲ · ಸಿಂಧನೂರು · ಫೆಬ್ರವರಿ 11

ತಂಗೀ, ನಿಮ್ಮ ಪ್ರಶ್ನೆ ಓದಿ ಎದ್ದು ಹೋಗಿ ಕಪಾಟು ಸರಿಸಿ ನೋಡಿದೆ. ದೇವರ ಕೋಣೆಗೂ ಅಡುಗೆ ಮನೆಗೂ ನಡುವಿನ ಗೋಡೆಯಲ್ಲಿ ಅದೇ ಎತ್ತರಕ್ಕೆ ಬಣ್ಣ ಎದ್ದಿದೆ. ಆ ಗೋಡೆ ಹುಟ್ಟಿದಾಗಿನಿಂದ ಮಳೆ ನೋಡಿಲ್ಲ.

ಅಂಗಳ ಎತ್ತರಿಸಿದ್ದು ಹೌದು. ರಸ್ತೆಗೆ ಎರಡು ಸಲ ಹೊಸ ಕಾಂಕ್ರೀಟ್ ಹಾಕಿದರು. ಪ್ರತಿ ಸಲ ಮನೆ ತಗ್ಗಿಗೆ ಬಂತು. ರಸ್ತೆ ನೀರು ಒಳಗೆ ಬರಬಾರದು ಅಂತ ಮೊರಂ ತುಂಬಿಸಿ, ಮೇಲೆ ಬಂಡೆ ಹಾಸಿಸಿದೆ. ಪ್ಲಿಂತ್ ಅಂದರೆ ಬುನಾದಿ ಕಟ್ಟೆಯ ಮೇಲೆ ಡಿಪಿಸಿ, ಅಂದರೆ ನೆಲದ ತೇವ ಗೋಡೆಗೆ ಏರದ ಹಾಗೆ ತಡೆಯುವ ಪದರ, ಹಾಕಿಸಿದ್ದು ಚೆನ್ನಾಗಿ ನೆನಪಿದೆ, ನಾನೇ ನಿಂತು ನೋಡಿದ್ದೇನೆ. ಈಗ ಅದು ಅಂಗಳದ ಕೆಳಗೆ ಹೂತು ಹೋಗಿದೆ.

ಬೇಸಿಗೆಯಲ್ಲಿ ಕಡಿಮೆಯಾಗುವುದು ನಿಜ. ಬಿಸಿಲಿಗೆ ಒಣಗುತ್ತದೆ ಅಂದುಕೊಂಡಿದ್ದೆ.

ಬೆಂಚ್ ನಂಬರ್ 3 · ರಾಯಚೂರು

ರಸಾಯನಶಾಸ್ತ್ರ ಪಾಠ ಮಾಡುವವನು ನಾನು. ಮಧ್ಯೆ ಬಾಯಿ ಹಾಕುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಸಿಲಿಕಾನ್ ಒಂದು ಮೂಲವಸ್ತು, ನಮ್ಮ ಮರಳು ಮತ್ತು ಕಲ್ಲಿನಲ್ಲಿ ಇರುವುದು. ಸಿಲಿಕೋನ್ ಅಂದರೆ ಸಿಲಿಕಾನ್ ಮತ್ತು ಆಮ್ಲಜನಕ ಒಂದಾದ ಮೇಲೊಂದು ಕೊಂಡಿ ಹಾಕಿಕೊಂಡ ಸರಪಳಿ. ಆ ಸರಪಳಿಯ ಮೈಗೆ ಮೀಥೈಲ್‌ನಂಥ ಎಣ್ಣೆ ಗುಣದ ಗುಂಪುಗಳು ಅಂಟಿರುತ್ತವೆ. ಸರಪಳಿಯ ಕಡೆ ಕಲ್ಲಿಗೆ ನೆಂಟ, ಮೀಥೈಲ್ ಕಡೆ ನೀರಿಗೆ ವೈರಿ. ಗೋಡೆಗೆ ಬೇಕಾದದ್ದು ಇದೇ.

ಸಿಲೇನ್ ಬಹಳ ಚಿಕ್ಕ ಅಣು. ಇಟ್ಟಿಗೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ಇಳಿಯುತ್ತದೆ. ಅಲ್ಲಿರುವ ತೇವದ ಜೊತೆ ಸೇರಿ ಆಲ್ಕೋಹಾಲ್ ಬಿಟ್ಟು, ಉಳಿದದ್ದು ರಂಧ್ರದ ಮೈಗೆ ಕಚ್ಚಿಕೊಳ್ಳುತ್ತದೆ. ರಂಧ್ರ ಮುಚ್ಚಿ ಹೋಗುವುದಿಲ್ಲ. ಒಳಮೈಗೆ ಎಣ್ಣೆ ಸವರಿದ ಹಾಗೆ ಆಗುತ್ತದೆ ಅಷ್ಟೇ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಇಟ್ಟಿಗೆ ನೀರು ಎಳೆಯುತ್ತಿತ್ತು, ಆ ಎಳೆತ ನಿಲ್ಲುತ್ತದೆ. ಆವಿ ಮಾತ್ರ ಓಡಾಡುತ್ತದೆ. ಸಿಲಾಕ್ಸೇನ್ ಅಣು ದೊಡ್ಡದು, ಅಷ್ಟು ಆಳ ಇಳಿಯುವುದಿಲ್ಲ. ಆದರೆ ಮೇಲ್ಮೈಯಲ್ಲಿ ಹನಿ ಚೆನ್ನಾಗಿ ಉರುಳಿಸುತ್ತದೆ. ಅದಕ್ಕೇ ಎರಡನ್ನೂ ಬೆರೆಸುತ್ತಾರೆ. ಎಲ್ಲ ಸೇರಿ ಇಳಿಯುವುದು ಕೆಲವು ಮಿಲಿಮೀಟರ್, ಇಟ್ಟಿಗೆ ಹೆಚ್ಚು ಹೀರುವಂಥದ್ದಾದರೆ ಇನ್ನೂ ಸ್ವಲ್ಪ ಜಾಸ್ತಿ.

ಈಗ ನಿಮ್ಮ ಗೋಡೆಯ ಬುಡಕ್ಕೆ ಬರೋಣ. ನಿಮ್ಮ ಕಡೆ ನೆಲ ಚೌಳು. ಕಾಲುವೆ ನೀರಿನಿಂದ ಅಂತರ್ಜಲ ಮೇಲೆ ಬಂದು ಎಷ್ಟೋ ಹೊಲ ಉಪ್ಪು ಹೊಡೆದು ಬಿಳಿಚಿಕೊಂಡಿವೆ. ಅದೇ ಉಪ್ಪು ನೀರು ಗೋಡೆಯಲ್ಲೂ ಏರುತ್ತದೆ. ಮೊದಲು ಆ ನೀರು ಇಟ್ಟಿಗೆಯ ಮುಖದ ತನಕ ಬಂದು ಅಲ್ಲಿ ಆರುತ್ತಿತ್ತು. ಉಪ್ಪು ಹೊರಗೆ ಬಿಳಿ ಪುಡಿಯಾಗಿ ಕೂರುತ್ತಿತ್ತು. ನೋಡಲು ಅಸಹ್ಯ, ಆದರೆ ಪೊರಕೆಯಲ್ಲಿ ಗುಡಿಸಿದರೆ ಹೋಗುತ್ತಿತ್ತು. ಸಿಲಿಕೋನ್ ಹೊಡೆದ ಮೇಲೆ ನೀರಾಗಿ ಮುಖದ ತನಕ ಬರಲು ಆಗುವುದಿಲ್ಲ. ಸಿಲಿಕೋನ್ ಪದರದ ಹಿಂದೆಯೇ ಆವಿಯಾಗುತ್ತದೆ. ಆವಿ ಹೊರಗೆ ಹೋಯಿತು, ಉಪ್ಪು ಹಿಂದೆ ಉಳಿಯಿತು. ಅಲ್ಲೇ ಹರಳುಗಟ್ಟಿ ಉಬ್ಬಿ, ಮುಂದಿನ ಪದರವನ್ನು ತಳ್ಳುತ್ತದೆ. ಕೆಂಪು ಹಪ್ಪಳದ ಹಿಂದೆ ಬಿಳಿ ಪುಡಿ ಅಂತ ನೀವೇ ಬರೆದಿದ್ದೀರಿ.

ಹಾಗಾಗಿ ಮಾಲು ನಕಲಿ ಇರಲಿಕ್ಕಿಲ್ಲ. ಅದು ಕೆಲಸ ಮಾಡಿದ್ದಕ್ಕೇ ಇಟ್ಟಿಗೆ ಉದುರುತ್ತಿದೆ.

ಬಿಸಿಲೂರು · ರಾಯಚೂರು

ಮಾಸ್ತರ್ರೇ, ನಿಮ್ಮಂಥವರು ನಮಗೆ ಪಿಯುಸಿಯಲ್ಲಿ ಸಿಗಬೇಕಿತ್ತು.

ಎರೆಹೊಲ · ಸಿಂಧನೂರು

ಓದಿ ಹೊಟ್ಟೆ ಉರಿಯಿತು. ದುಡ್ಡು ಕೊಟ್ಟು ನಮ್ಮ ಗೋಡೆ ನಾವೇ ಕೆಡಿಸಿಕೊಂಡ ಹಾಗಾಯಿತು. ಮಾಲು ಅಸಲಿ ಅಂತ ಮನೆಯಲ್ಲೇ ಗೊತ್ತು ಮಾಡಿಕೊಳ್ಳುವುದು ಹೇಗೆ? ಮೇಲಿನ ಭಾಗದಲ್ಲೂ ಈಗ ಹನಿ ಮೊದಲಿನಷ್ಟು ಉರುಳುತ್ತಿಲ್ಲ.

ಗೌಂಡಿಮಗಳು · ಕೊಪ್ಪಳ

ಹನಿ ಉರುಳುವುದು ಬರೀ ತೋರಿಕೆ. ಬಿಸಿಲಿಗೆ ಮೇಲ್ಮೈಯ ಸಿಲಿಕೋನ್ ಸವೆಯುತ್ತದೆ, ಧೂಳು ಕೂರುತ್ತದೆ. ಬಳ್ಳಾರಿ ಕಡೆ ಅದಿರಿನ ಧೂಳಿಗಂತೂ ಒಂದೇ ವರ್ಷದಲ್ಲಿ ಹನಿ ಉರುಳುವುದು ನಿಲ್ಲುತ್ತದೆ. ಆದರೂ ಒಳಗಿನ ಪದರ ಕೆಲಸ ಮಾಡುತ್ತಿರುತ್ತದೆ. ಮುತ್ತು ನೋಡಿ ದುಡ್ಡು ಕೊಡಬಾರದು, ಮುತ್ತು ಹೋಯಿತು ಅಂತ ಮತ್ತೆ ಹೊಡೆಸಲೂ ಬಾರದು.

ನಾವು ಸೈಟಿನಲ್ಲಿ ಕಾರ್ಸ್ಟನ್ ಕೊಳವೆ ಅನ್ನುವ ಗಾಜಿನ ಕೊಳವೆ ಅಂಟಿಸಿ ನೋಡುತ್ತೇವೆ. ಅದರಲ್ಲಿ ನೀರು ತುಂಬಿ, ಎಷ್ಟು ನಿಮಿಷದಲ್ಲಿ ಎಷ್ಟು ಇಳಿಯಿತು ಅಂತ ಅಳೆಯುವುದು. 10 ಸೆಂಟಿಮೀಟರ್ ಎತ್ತರದ ನೀರು ಒತ್ತುವ ಒತ್ತಡ, ಗಂಟೆಗೆ 140 ಕಿಲೋಮೀಟರ್ ವೇಗದ ಗಾಳಿ ಒತ್ತುವುದಕ್ಕೆ ಹತ್ತಿರ ಹತ್ತಿರ ಸಮ. ಅಷ್ಟಕ್ಕೆ ತಡೆದರೆ ನಮ್ಮ ಮಳೆಗೆ ಸಾಕು.

ಮನೆಯಲ್ಲಿ ಮಾಡಲು ಸಣ್ಣ ಪ್ಲಾಸ್ಟಿಕ್ ಬಾಟಲಿಯನ್ನು ಉದ್ದಕ್ಕೆ ಸೀಳಿ. ಅರ್ಧವನ್ನು ಗೋಡೆಗೆ ಒತ್ತಿ, ಅಂಚಿಗೆ ಸುತ್ತಲೂ ಮಕ್ಕಳ ಆಟದ ಮೇಣ ಮೆತ್ತಿ. ನೀರು ತುಂಬಿ ಪೆನ್ನಿನಲ್ಲಿ ಗೆರೆ ಹಾಕಿ. 20 ನಿಮಿಷ ಕಾಯಿರಿ.

ಎರೆಹೊಲ · ಸಿಂಧನೂರು · ಫೆಬ್ರವರಿ 14

ಮಾಡಿದೆ. ಮೊಮ್ಮಗಳ ಮೇಣ ಕದ್ದೆ, ಅವಳು ಇನ್ನೂ ಮಾತು ಬಿಟ್ಟಿದ್ದಾಳೆ.

ಐದು ಅಡಿ ಎತ್ತರದಲ್ಲಿ: 20 ನಿಮಿಷ ಆದರೂ ಗೆರೆ ಬಿಟ್ಟು ಕದಲಲಿಲ್ಲ. ಬುಡದಲ್ಲಿ ಮುಖ ಗಟ್ಟಿ ಇರುವ ಇಟ್ಟಿಗೆ: ಅದೂ ಕದಲಲಿಲ್ಲ. ಬುಡದಲ್ಲಿ ಹಪ್ಪಳ ಬಿದ್ದ ಇಟ್ಟಿಗೆ: ಮೂರು ನಿಮಿಷಕ್ಕೆ ಬಾಟಲಿ ಖಾಲಿ. ತುಂಗಭದ್ರಾ ಡ್ಯಾಮಿನ 19ನೇ ಗೇಟು 2024ರಲ್ಲಿ ಹೋದ ಹಾಗೆ ಹೋಯಿತು ನೀರು.

ಕೆಂಪುಧೂಳು · ಬಳ್ಳಾರಿ

ಸರಿ, ಒಪ್ಪಿದೆ. ಮಾಲು ಒಳ್ಳೆಯದೇ, ಹೊಡೆದ ಜಾಗ ತಪ್ಪು. ಇನ್ನು ಮೇಲೆ ಬುಡದ ತೇವಕ್ಕೆ ಅಂತ ಬಂದವರಿಗೆ ಕೊಡುವ ಮುಂಚೆ ಒಳಗೋಡೆ ನೋಡಿ ಬನ್ನಿ ಅನ್ನುತ್ತೇನೆ. ವ್ಯಾಪಾರ ಸ್ವಲ್ಪ ಹೋಗುತ್ತದೆ, ಹೋಗಲಿ.

ಗಂಗಾವತಿ ಸೋನಾ · ಗಂಗಾವತಿ

ನಡುವೆ ನನ್ನದೊಂದು. ಛತ್ತಿನ ಮೇಲೆ ನೀರು ನಿಲ್ಲುತ್ತದೆ, ಕೆಳಗೆ ಜಿನುಗುತ್ತದೆ. ಇದನ್ನೇ ಛತ್ತಿಗೆ ಹೊಡೆಸಬಹುದಾ?

ಗೌಂಡಿಮಗಳು · ಕೊಪ್ಪಳ

ಬೇಡ. ನಿಂತ ನೀರಿನ ಒತ್ತಡ ಇದು ತಡೆಯುವುದಿಲ್ಲ. ಉಗುರು ಸಿಕ್ಕುವಂಥ ಬಿರುಕನ್ನೂ ಮುಚ್ಚುವುದಿಲ್ಲ. ಇಳಿಜಾರು ಸರಿ ಮಾಡಿಸಿ, ಬಿರುಕು ತುಂಬಿಸಿ, ಮೇಲೆ ಛತ್ತಿನ ವಾಟರ್‌ಪ್ರೂಫಿಂಗ್ ಮಾಡಿಸಿ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬೇಡ.

ಕಿನ್ನಾಳ ಬಣ್ಣ · ಕೊಪ್ಪಳ

ನಮ್ಮೂರ ಹಳೆ ಹನುಮಪ್ಪನ ಗುಡಿಗೆ ಹೊಡೆಸೋಣ ಅಂತ ಹುಡುಗರು ಪಟ್ಟಿ ಎತ್ತುತ್ತಿದ್ದಾರೆ. ಕರಿಕಲ್ಲಿನ ಗೋಡೆ, ಮೇಲೆ ಗಚ್ಚಿನ ಗೋಪುರ. ಒಳ್ಳೆಯದಾ?

ಬೆಂಚ್ ನಂಬರ್ 3 · ರಾಯಚೂರು

ಕರಿಕಲ್ಲು ಹೆಚ್ಚು ಕಡಿಮೆ ನೀರು ಕುಡಿಯುವುದೇ ಇಲ್ಲ, ತನ್ನ ತೂಕದ ನೂರಕ್ಕೆ ಒಂದು ಪಾಲೂ ಇಲ್ಲ. ಕುಡಿಯದವನಿಗೆ ಪಥ್ಯ ಯಾಕೆ? ಗಚ್ಚಿಗೆ ಬಂದರೆ, ಅದು ಸುಣ್ಣ. ಈ ಮಾಲು ಕಚ್ಚಿಕೊಳ್ಳುವುದು ಮರಳು, ಇಟ್ಟಿಗೆ, ಸಿಮೆಂಟಿನಂಥ ಸಿಲಿಕಾ ಇರುವ ವಸ್ತುವಿಗೆ ಚೆನ್ನಾಗಿ. ಬರೀ ಸುಣ್ಣದ ಮೈಗೆ, ಸುಣ್ಣಕಲ್ಲು, ಅಮೃತಶಿಲೆಗೆ ಹಿಡಿತ ಕಡಿಮೆ. ಮತ್ತೆ ಒಂದು ಸಲ ಒಳಗೆ ಇಳಿದರೆ ವಾಪಸ್ ತೆಗೆಯಲು ಬರುವುದಿಲ್ಲ. ಹಳೆಯ ಗುಡಿಗೆ ವಾಪಸ್ ತೆಗೆಯಲಾಗದ್ದನ್ನು ಹಾಕಬಾರದು. ಇಟಗಿಯ ಮಹಾದೇವ ಗುಡಿ 1112ರದು, ಯಾವ ಸಿಲಿಕೋನೂ ಇಲ್ಲದೆ ನಿಂತಿದೆ. ಪಟ್ಟಿ ದುಡ್ಡಿನಲ್ಲಿ ಗೋಪುರದ ಸಂದಿಯ ಗಿಡ ಕಿತ್ತು, ಸುಣ್ಣದ ಗಾರೆಯಲ್ಲಿ ಬಿರುಕು ತುಂಬಿಸಿ.

ಗೌಂಡಿಮಗಳು · ಕೊಪ್ಪಳ

ಈಗ ಎರೆಹೊಲ ಅಣ್ಣನ ಮನೆ.

ಮೊದಲು ಅಂಗಳ. ಗೋಡೆಗೆ ತಾಗಿ ಒಂದೂವರೆ ಅಡಿ ಅಗಲಕ್ಕೆ ಬಂಡೆ ಎತ್ತಿ, ಮಣ್ಣು ತೆಗೆದು, ಡಿಪಿಸಿ ಮತ್ತೆ ಕಾಣುವ ಹಾಗೆ ಮಾಡಿ. ಡಿಪಿಸಿಗಿಂತ ಒಂದು ಗೇಣಾದರೂ ಕೆಳಗೆ ಇರಬೇಕು ನೆಲ. ಆ ಜಾಗದಲ್ಲಿ ಜೆಲ್ಲಿ ತುಂಬಿ, ನೀರು ಹರಿದು ಹೋಗಲು ಇಳಿಜಾರು ಕೊಡಿ. ಗದ್ದೆ ಕಡೆ ಒಂದು ಚರಂಡಿ. ಎಷ್ಟೋ ಮನೆಗೆ ಇಷ್ಟೇ ಸಾಕಾಗುತ್ತದೆ.

ನಿಮ್ಮಲ್ಲಿ ಒಳಗೋಡೆಯೂ ತೇವ ಏರಿಸುತ್ತಿದೆ, ಹಾಗಾಗಿ ಹಳೆ ಡಿಪಿಸಿ ಕೆಲವು ಕಡೆ ಕೆಲಸ ಬಿಟ್ಟಿರಬಹುದು. ಅದಕ್ಕೆ ಮದ್ದು ಅದೇ ಸಿಲೇನ್, ಕೆನೆ ರೂಪದಲ್ಲಿ ಸಿಗುತ್ತದೆ. ಗೋಡೆಯ ಬುಡದಲ್ಲಿ, ಇಟ್ಟಿಗೆಯಲ್ಲಿ ಅಲ್ಲ, ಎರಡು ಇಟ್ಟಿಗೆ ವರಸೆಯ ನಡುವಿನ ಗಾರೆಯಲ್ಲಿ, ಸುಮಾರು 12 ಮಿಲಿಮೀಟರ್ ದಪ್ಪದ ತೂತು ಸಾಲಾಗಿ ಕೊರೆಯಬೇಕು. ತೂತಿನಿಂದ ತೂತಿಗೆ 12 ಸೆಂಟಿಮೀಟರ್ ಮೀರಬಾರದು. ಗೋಡೆಯ ದಪ್ಪದಲ್ಲಿ ಒಂದೂವರೆ ಇಂಚು ಬಿಟ್ಟು ಉಳಿದಷ್ಟೂ ಆಳ. ಪುಡಿ ಊದಿ ತೆಗೆದು, ಗನ್ನಿನಲ್ಲಿ ಕೆನೆ ತುಂಬುವುದು. ಅದು ನಿಧಾನವಾಗಿ ಹರಡಿಕೊಂಡು, ಅಡ್ಡಕ್ಕೆ ಒಂದು ನೀರು ಕುಡಿಯದ ವರಸೆ ಆಗುತ್ತದೆ. ನಿಮ್ಮ ಗೋಡೆಗೆ ಮುಖಕ್ಕೆ ಹಚ್ಚಿದ ಮದ್ದು ಪಾದಕ್ಕೆ ಹಚ್ಚಬೇಕಿತ್ತು.

ಒಳಗಡೆ ಉಪ್ಪು ಹಿಡಿದ ಗಿಲಾವ್ ಕಲೆಗಿಂತ ಒಂದು ಅಡಿ ಮೇಲಿನ ತನಕ ಕಿತ್ತು ಹಾಕಿ. ಅದೇ ಪುಡಿಯನ್ನು ಮತ್ತೆ ಗಾರೆಗೆ ಬೆರೆಸಬೇಡಿ ಅಂತ ಆಳುಗಳಿಗೆ ಕೂಗಿ ಹೇಳಿ, ಬೆರೆಸುತ್ತಾರೆ. ಆಮೇಲೆ ಕಾಯುವುದು. ಇಂಚಿಗೆ ಒಂದು ತಿಂಗಳು ಅಂತ ಲೆಕ್ಕ. 9 ಇಂಚಿನ ಗೋಡೆಗೆ 9 ತಿಂಗಳು. ಅದಕ್ಕೆ ಮುಂಚೆ ಪುಟ್ಟಿ, ಬಣ್ಣ ಏನೂ ಬೇಡ.

ಕೆಂಪುಧೂಳು · ಬಳ್ಳಾರಿ

ಮುಂದೆ ಯಾರಾದರೂ ಮಳೆಗೋಡೆಗೇ ಹೊಡೆಸುವುದಿದ್ದರೆ ಅಂಗಡಿಯವನ ನಾಲ್ಕು ಮಾತು. ಮಧ್ಯಾಹ್ನ ಹೊಡೆಸಬೇಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಗೋಡೆ ಕಾವಲಿ ಆಗಿರುತ್ತದೆ, ಮಾಲು ಇಳಿಯುವ ಮುಂಚೆ ಹಾರಿ ಹೋಗುತ್ತದೆ. ಬೆಳಿಗ್ಗೆಯೇ ಮುಗಿಸಿ. ಗೋಡೆ ಒಣಗಿರಬೇಕು, ಹೊಸ ಗಿಲಾವ್ ಆದರೆ 28 ದಿನ ಬಿಡಿ. ಹೊಡೆದ ಮೇಲೆ ಒಂದು ದಿನ ಮಳೆ ತಾಗಬಾರದು. ಕೆಳಗಿನಿಂದ ಮೇಲಕ್ಕೆ, ಸುರಿದು ಇಳಿಯುವಷ್ಟು ಹೊಡೆಯಬೇಕು. ಮೊದಲ ಕೋಟ್ ಹಸಿ ಇದ್ದಾಗಲೇ ಎರಡನೆಯದು. ಒಣಗಲು ಬಿಟ್ಟರೆ ಮೊದಲನೆಯದೇ ಎರಡನೆಯದನ್ನು ಒಳಗೆ ಬಿಡುವುದಿಲ್ಲ. ಕಿಟಕಿ ಗಾಜು ಮುಚ್ಚಿ, ಕಲೆ ಬಿದ್ದರೆ ಹೋಗುವುದಿಲ್ಲ. ಎಣ್ಣೆಯ ಮಾಲು ಆದರೆ ಬೀಡಿ ದೂರ. ಮತ್ತೆ ಆ ಗೋಡೆಗೆ ಮುಂದೆ ನೀರಿನ ಬಣ್ಣ ಬಳಿಯುವ ಆಸೆ ಇದ್ದರೆ ಮೊದಲು ಯೋಚಿಸಿ, ಹಿಡಿಯುವುದಿಲ್ಲ.

ಒಂದು ಲೀಟರ್ ಸುಟ್ಟ ಇಟ್ಟಿಗೆಗೆ 25ರಿಂದ 35 ಚದರಡಿ ಬರುತ್ತದೆ. 100 ಚದರಡಿ ಬರುತ್ತದೆ ಅಂದವರನ್ನು ಬಾಗಿಲಲ್ಲೇ ಕಳಿಸಿ.

ಬಿಸಿಲೂರು · ರಾಯಚೂರು

ಇಟ್ಟಿಗೆ ಕೊಳ್ಳುವಾಗಲೇ ನೋಡಿಕೊಳ್ಳುವ ದಾರಿ ಇದೆಯಾ? ತಮ್ಮ ಮನೆ ಕಟ್ಟಿಸುತ್ತಿದ್ದಾನೆ.

ಗೌಂಡಿಮಗಳು · ಕೊಪ್ಪಳ

ಒಣ ಇಟ್ಟಿಗೆ ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ, ಮತ್ತೆ ತೂಗಿ. ಇಟ್ಟಿಗೆಯ ಭಾರತೀಯ ಮಾನದಂಡ ಐಎಸ್ 1077 ಪ್ರಕಾರ ಸಾಮಾನ್ಯ ದರ್ಜೆಯ ಸುಟ್ಟ ಇಟ್ಟಿಗೆ ನೂರಕ್ಕೆ 20ಕ್ಕಿಂತ ಜಾಸ್ತಿ ಕುಡಿಯಬಾರದು. ಮೂರು ಕೆಜಿ ಇಟ್ಟಿಗೆ ಆರು ನೂರು ಗ್ರಾಂ ಮೀರಿ ಕುಡಿದರೆ ಲಾರಿ ವಾಪಸ್ ಕಳಿಸಲು ಹೇಳಿ. ಅಂಗಳ ರಸ್ತೆಗಿಂತ ಎರಡು ಅಡಿ ಎತ್ತರಕ್ಕೆ ಇಡಲಿ, ರಸ್ತೆ ಬೆಳೆಯುತ್ತದೆ.

ಎರೆಹೊಲ · ಸಿಂಧನೂರು · ಅಕ್ಟೋಬರ್ 12

ಎಂಟು ತಿಂಗಳಾಯಿತು, ಏನಾಯಿತು ಅಂತ ಹೇಳದೆ ಇರಬಾರದು. ಏಪ್ರಿಲ್‌ನಲ್ಲಿ ಕಾಲುವೆ ನಿಂತ ಮೇಲೆ ಬಂಡೆ ಎತ್ತಿಸಿದೆ. ಡಿಪಿಸಿ 7 ಇಂಚು ಕೆಳಗೆ ಇತ್ತು. ಅದರ ಮೇಲೆ ಮೊರಂ ಹಸಿಯಾಗಿ ಅಂಟಿಕೊಂಡಿತ್ತು, ಏಪ್ರಿಲ್‌ನಲ್ಲೂ. ಚರಂಡಿ ಆಯಿತು. ಪಶ್ಚಿಮದ ಗೋಡೆಗೂ ದೇವರ ಕೋಣೆ ಗೋಡೆಗೂ ತೂತು ಹೊಡೆಸಿ ಕೆನೆ ತುಂಬಿಸಿದೆ. ಹುಡುಗ ಇಟ್ಟಿಗೆಯಲ್ಲೇ ಕೊರೆಯಲು ಹೋಗಿದ್ದ, ನಿಲ್ಲಿಸಿದೆ.

ತೇವ ಎಲ್ಲಿಯ ತನಕ ಇದೆ ಅಂತ ಪ್ರತಿ ತಿಂಗಳು ಒಂದನೇ ತಾರೀಖು ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಿದ್ದೇನೆ. ಜುಲೈನಲ್ಲಿ ಕಾಲುವೆಗೆ ನೀರು ಬಂತು, ಹಿಂದೆ ಗದ್ದೆ ತುಂಬಿತು. ಪ್ರತಿ ವರ್ಷ ಗೆರೆ ಏರುವ ಹೊತ್ತು ಅದು. ಈ ಸಲ ಏರಲಿಲ್ಲ. ಆಗಸ್ಟಿಗೆ ಎರಡು ಬೆರಳು ಇಳಿಯಿತು, ಈಗ ಒಟ್ಟು ಏಳು ಬೆರಳು. ಬಿಳಿ ಪುಡಿ ಇನ್ನೂ ಬರುತ್ತದೆ, ಗುಡಿಸುತ್ತೇನೆ. ಹಪ್ಪಳ ಬಿದ್ದ ಇಟ್ಟಿಗೆ 31, ಅವನ್ನು ಬಿಡಿಸಿ ಹೊಸದು ಕೂರಿಸಬೇಕು.

ಗೌಂಡಿಮಗಳು · ಕೊಪ್ಪಳ

ಏಳು ಬೆರಳು ಬಹಳ ಆಯಿತು ಅಣ್ಣಾ. ಇಟ್ಟಿಗೆ ಬದಲಿಸುವುದು ಫೆಬ್ರವರಿ ಮುಗಿದ ಮೇಲೆ. ಬಣ್ಣ ಬಳಿಸಿಲ್ಲ ತಾನೇ?

ಎರೆಹೊಲ · ಸಿಂಧನೂರು

ದೀಪಾವಳಿಗೆ ಬಣ್ಣ ಬೇಕೇ ಬೇಕು ಅಂತ ಮನೆಯಲ್ಲಿ ಜಗಳ. ಬಾಗಿಲಿಗೆ ಮಾತ್ರ ಬಳಿಸಿದೆ.